ವಾಂಡಾ ಸೆಗೆದಿ ಎಣಿಸಲು ಕಲಿತ ವರ್ಷ

ನಮ್ಮ ಪತ್ರಿಕೆಯಲ್ಲಿ ಇಪ್ಪತ್ತೆರಡು ವರ್ಷ ನನ್ನ ಪಕ್ಕದ ಮೇಜಿನಲ್ಲಿ ಕೂತವಳು ವಾಂಡಾ ಸೆಗೆದಿ. ನಾನು ಹೈಸ್ಕೂಲು ತಂಡಗಳ ಬ್ಯಾಸ್ಕೆಟ್‌ಬಾಲ್ ಬಗ್ಗೆ ಬರೆಯುತ್ತಿದ್ದೆ, ಅವಳು ನಿಧನವಾರ್ತೆ ಬರೆಯುತ್ತಿದ್ದಳು. ಇಂಡಿಯಾನಾದ ಉತ್ತರ ತುದಿಯಲ್ಲಿರುವ ನಮ್ಮ ಬ್ರಾಂಟ್‌ವಿಲ್‌ನಲ್ಲಿ ಯಾರೇ ಸತ್ತರೂ ಅವರ ಮನೆಗೆ ವಾಂಡಾಳ ಫೋನು ಹೋಗುತ್ತಿತ್ತು. "ನಿಮ್ಮಪ್ಪನಿಗೆ ಏನು ಇಷ್ಟ ಇತ್ತು ಹೇಳಿ" ಎಂದು ಶುರುಮಾಡಿ, ಕೆಲವೊಮ್ಮೆ ಒಂದು ಗಂಟೆ ಕೇಳಿಸಿಕೊಂಡು, ಹತ್ತು ಸಾಲು ಬರೆಯುತ್ತಿದ್ದಳು. ಹಾಗೆ ಬರೆದದ್ದು ಒಂಬತ್ತು ಸಾವಿರ ಜನರ ಬಗ್ಗೆ.

ಆ ಫೋನುಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಅವಳ ಕಿವಿಗೆ ಬೀಳುತ್ತಿತ್ತು: "ಆಂಬುಲೆನ್ಸ್ ಗೇಟ್ ಹತ್ರಾನೇ ನಿಂತುಬಿಡ್ತು."

ನಮ್ಮೂರನ್ನು ರೈಲು ಹಳಿ ನಡುವೆ ಸೀಳಿಕೊಂಡು ಹೋಗುತ್ತದೆ. ಆಸ್ಪತ್ರೆ, ಅಗ್ನಿಶಾಮಕ ಠಾಣೆ, ಪುರಸಭೆ ಎಲ್ಲ ಪಶ್ಚಿಮಕ್ಕೆ. ಪೂರ್ವಕ್ಕೆ ಎರಕದ ಕಾರ್ಖಾನೆಯಲ್ಲಿ ದುಡಿದವರ ಸಣ್ಣ ಸಣ್ಣ ಮನೆಗಳು, ಅವುಗಳಲ್ಲೊಂದು ವಾಂಡಾಳದ್ದು. ಎರಡು ಮೈಲಿ ಉದ್ದದ ಗೂಡ್ಸ್ ಗಾಡಿಗಳು ಮೂರೂ ಗೇಟುಗಳನ್ನು ಮುಚ್ಚಿ ಸುಮ್ಮನೆ ನಿಂತುಬಿಡುತ್ತಿದ್ದವು. ಕಾರಿನಲ್ಲಿ ಕೂತವರು ಶಾಪ ಹಾಕುತ್ತಿದ್ದರು, ಗಾಡಿ ಹೋದ ಮೇಲೆ ಮರೆಯುತ್ತಿದ್ದರು. ವಾಂಡಾ ಮರೆಯಲಿಲ್ಲ. ನಿಧನವಾರ್ತೆಯಲ್ಲಿ ಇಂಥದ್ದಕ್ಕೆ ಜಾಗವಿಲ್ಲವಾದ್ದರಿಂದ ಬೇರೆ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು.

ಬರ್ನಡೆಟ್ ನೊವೊಟ್ನಿ ಎಂಬಾಕೆಯ ಗಂಡ ಅಡುಗೆಮನೆಯ ನೆಲದ ಮೇಲೆ ಹತ್ತೊಂಬತ್ತು ನಿಮಿಷ ಆಂಬುಲೆನ್ಸಿಗೆ ಕಾದು ತೀರಿಹೋದಾಗ ವಾಂಡಾ ಆ ನೋಟ್‌ಬುಕ್ಕು ಹಿಡಿದು ಸಂಪಾದಕ ಹಾಲಿಸ್ ಬ್ರ್ಯಾಡಿಯ ಮುಂದೆ ನಿಂತಳು.

"ಇದರಲ್ಲಿ ನಲವತ್ತೊಂದು ಜನ ಇದಾರೆ ಹಾಲಿಸ್."

"ನಲವತ್ತೊಂದು ಕತೆ ಇದೆ ವಾಂಡಾ. ಅಂಕಿ ಎಲ್ಲಿದೆ? ನಾಳೆ ರೈಲ್ವೆ ಕಂಪನಿ ವಕೀಲರು ಬಂದ್ರೆ ಈ ನೋಟ್‌ಬುಕ್ ತೋರಿಸ್ಲಾ?"

ಹಾಲಿಸ್ ಕೆಟ್ಟವನಲ್ಲ. ಅವನು ಹೇಳಿದ್ದು ಸರಿಯಾಗಿಯೇ ಇತ್ತು, ಅದಕ್ಕೇ ವಾಂಡಾಳಿಗೆ ಹೆಚ್ಚು ನೋವಾದದ್ದು.

ಆ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಅವಳು ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡಳು.

"ಗಸ್, ನನ್ನ ಬಗ್ಗೆ ಎರಡು ಒಳ್ಳೆ ಮಾತು ಬರ್ದುಕೊಡ್ತೀಯಾ?"

"ಯಾಕೆ, ನೀನೂ ಸಾಯ್ತಿದೀಯಾ?"

"ಇಲ್ಲ ಮಾರಾಯ. ಕಾಲೇಜಿಗೆ ಹೋಗ್ತಿದೀನಿ."

ನಾನು ಗಟ್ಟಿಯಾಗಿ ನಕ್ಕೆ. ಆ ನಗುವಿಗೆ ಇವತ್ತಿಗೂ ನಾಚಿಕೆಪಡುತ್ತೇನೆ. ಮಿಷಿಗನ್‌ನ ಒಂದು ದೊಡ್ಡ ವಿಶ್ವವಿದ್ಯಾಲಯ ಪ್ರತಿವರ್ಷ ಹನ್ನೆರಡು ಮಂದಿ ಪತ್ರಕರ್ತರನ್ನು ಆರಿಸಿಕೊಳ್ಳುತ್ತಿತ್ತು. ಹದಿನೈದು ಇಪ್ಪತ್ತು ವರ್ಷ ಕೆಲಸ ಮಾಡಿ ಸವೆದವರಿಗೆಂದೇ ಇದ್ದ ಫೆಲೋಶಿಪ್ ಅದು. ಒಂದು ಶೈಕ್ಷಣಿಕ ವರ್ಷ ಯಾವ ತರಗತಿಯಲ್ಲಿ ಬೇಕಾದರೂ ಕೂರಬಹುದು, ಪರೀಕ್ಷೆಯಿಲ್ಲ, ಪದವಿಯಿಲ್ಲ. ಒಂದೇ ಷರತ್ತು: ಆ ಅವಧಿಯಲ್ಲಿ ಯಾವ ಪತ್ರಿಕೆಗೂ ಒಂದಕ್ಷರ ಬರೆಯಕೂಡದು. ದೊಡ್ಡ ನಗರಗಳ ದೊಡ್ಡ ಹೆಸರುಗಳೇ ಹೋಗುವ ಜಾಗ ಅದೆಂದು ನಾವೆಲ್ಲ ತಿಳಿದಿದ್ದೆವು.

ಸಂದರ್ಶನದಲ್ಲಿ ಏಳು ಜನ ಕೂತಿದ್ದರಂತೆ. ನಿಮ್ಮ ಓದು ಎಲ್ಲಿಯವರೆಗೆ ಎಂದು ಒಬ್ಬರು ಕೇಳಿದರು. "ಹೈಸ್ಕೂಲು. ಆಮೇಲೆ ಆರು ತಿಂಗಳು ಟೈಪಿಂಗ್" ಎಂದಳು. ಇಲ್ಲಿಗೆ ಬಂದು ಏನು ಮಾಡುತ್ತೀರಿ ಎಂದಾಗ, "ಎಣಿಸೋದು ಕಲೀಬೇಕು. ಸತ್ತವರ ಬಗ್ಗೆ ಬರೆಯೋದು ನಂಗೆ ಗೊತ್ತು. ಅವರಲ್ಲಿ ಎಷ್ಟು ಜನ ಸಾಯಬೇಕಾಗಿರಲಿಲ್ಲ ಅನ್ನೋದು ಗೊತ್ತಿಲ್ಲ" ಎಂದಳು.

ಏಪ್ರಿಲ್‌ನಲ್ಲಿ ಪತ್ರ ಬಂತು. ಅವಳ ಗಂಡ ಲೂ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ, ಮಂಡಿನೋವಿನಿಂದ ನಿವೃತ್ತನಾದವನು. ವಾಂಡಾ ಲಕೋಟೆಯನ್ನು ಮೇಜಿನ ಮೇಲಿಟ್ಟು ಎರಡು ದಿನ ಅದರ ಸುತ್ತ ಓಡಾಡಿದ್ದನ್ನು ನೋಡಿ ಅವನಿಗೆ ಸಾಕಾಯಿತು.

"ಬಾಂಬ್ ಏನಲ್ವಲ್ಲೇ ಅದು! ಕೊಡಿಲ್ಲಿ." ತೆರೆದು, ಓದಿ, ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ಹೇಳಿದನಂತೆ: "ಪೆಟ್ಟಿಗೆ ಎಲ್ಲಿಟ್ಟಿದೀಯ? ಕಟ್ಟೋಣ."

ಆಗಸ್ಟ್‌ನಲ್ಲಿ ಇಬ್ಬರೂ ಹೋಗಿ ಒಂದು ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗಿದ್ದರು. ಫೆಲೋಗಳ ಗಂಡಂದಿರು, ಹೆಂಡತಿಯರೂ ತರಗತಿಗಳಿಗೆ ಹೋಗಬಹುದಿತ್ತು. ಲೂ ಖಗೋಳಶಾಸ್ತ್ರಕ್ಕೆ ಸೇರಿಕೊಂಡು ಶನಿಗ್ರಹದ ವಿಷಯ ಬಿಟ್ಟು ಬೇರೆ ಮಾತೇ ಆಡದಂತಾದ.

ಮೊದಲ ದಿನ ಪರಸ್ಪರ ಪರಿಚಯ. ಒಬ್ಬರು ರಾಜಧಾನಿಯಲ್ಲಿ ಮಂತ್ರಿಗಳ ಬೆನ್ನು ಹತ್ತಿದವರು, ಇನ್ನೊಬ್ಬರು ಪ್ರಶಸ್ತಿ ಗೆದ್ದವರು. ವಾಂಡಾಳ ಪಕ್ಕದಲ್ಲಿ ಡೆಕ್ಲನ್ ರೋರ್ಕ್ ಎಂಬ ಬಿಳಿಗಡ್ಡದವನು, ನಾಲ್ಕು ಯುದ್ಧಗಳ ವರದಿ ಮಾಡಿ ಬಂದವನು. ತನ್ನ ಸರದಿ ಬಂದಾಗ ವಾಂಡಾ ಕುಗ್ಗಿದ ದನಿಯಲ್ಲಿ, "ನಾನು ಸತ್ತವರ ಬಗ್ಗೆ ಬರೀತೀನಿ, ಅಷ್ಟೇ" ಎಂದಳು.

ಡೆಕ್ಲನ್ ಅವಳ ಕಡೆ ತಿರುಗಿ, "ನಾನೂ ಅಷ್ಟೇ. ಆದ್ರೆ ನಿಮಗೆ ಅವರ ಹೆಸರಾದ್ರೂ ಗೊತ್ತಿರುತ್ತೆ" ಎಂದ. ಅಂದಿನಿಂದ ಅವರಿಬ್ಬರು ಸ್ನೇಹಿತರು.

ಅವಳು ಆರಿಸಿಕೊಂಡದ್ದು ಸಂಖ್ಯಾಶಾಸ್ತ್ರ. ಪ್ರೊಫೆಸರ್ ಐರೀನ್ ಟಾಲ್ಬಟ್ ಅವರ ತರಗತಿ. ಮೊದಲ ದಿನ ಅವಳು ಒಳಗೆ ಕಾಲಿಟ್ಟಾಗ ಇಬ್ಬರು ಹುಡುಗಿಯರು ಅವಳೇ ಮೇಡಂ ಎಂದುಕೊಂಡು ಎದ್ದು ಬಂದು ಪುಸ್ತಕದ ಪಟ್ಟಿ ಕೇಳಿದರು. "ಅಯ್ಯೋ, ನಾನೂ ನಿಮ್ಮ ಹಾಗೆ ಹೊಸಬಳು ಕಣಮ್ಮಾ" ಎಂದು ಮೊದಲ ಸಾಲಿನಲ್ಲಿ ಕೂತಳು. ಭಾನುವಾರಗಳಂದು ನನಗೆ ಫೋನು ಮಾಡುತ್ತಿದ್ದಳು.

"ಬೋರ್ಡ್ ಮೇಲೆ ಅಂಕಿ ಬರೀತಾರೆ ಅಂದ್ಕೊಂಡಿದ್ದೆ ಗಸ್. ಬರೀ ಗ್ರೀಕ್ ಅಕ್ಷರ!"

"ಬಿಟ್ಟು ಬಾ ಹಾಗಾದ್ರೆ. ನಿನ್ನ ಕುರ್ಚಿ ಇಲ್ಲೇ ಇದೆ."

"ಬಿಟ್ಟು ಬರೋಕೆ ನಾಚಿಕೆ, ಇಲ್ಲಿರೋಕೆ ಭಯ. ಯಾವುದು ದೊಡ್ಡದು ಅಂತ ನೋಡ್ತಿದೀನಿ."

ನಾಚಿಕೆಯೇ ಗೆದ್ದಿತು. ಅಕ್ಟೋಬರ್‌ನಲ್ಲಿ ಧೈರ್ಯ ಮಾಡಿ ಬ್ರಾಂಟ್‌ವಿಲ್‌ನ ನಕ್ಷೆಯ ಮೇಲೆ ನಲವತ್ತೊಂದು ಕೆಂಪು ಚುಕ್ಕೆ ಇಟ್ಟು ಟಾಲ್ಬಟ್ ಅವರ ಕೋಣೆಗೆ ಒಯ್ದಳು. ಅವರು ತುಂಬ ಹೊತ್ತು ನೋಡಿದರು.

"ಈ ನಲವತ್ತೊಂದು ಜನರನ್ನ ಆರಿಸಿದ್ದು ಯಾರು?"

"ನಾನೇ. ಮನೆಯವರು ಹೇಳಿದ್ದನ್ನ ಕೇಳಿ."

"ಗೇಟಲ್ಲಿ ಸಿಕ್ಕಿಹಾಕೊಂಡೂ ಬದುಕಿದವರು ಎಲ್ಲಿದಾರೆ? ಗೇಟೇ ಅಡ್ಡ ಬರದೆ ಸತ್ತವರು? ನಿಮಗೆ ನೆನಪಿರೋರನ್ನ ಮಾತ್ರ ಎಣಿಸಿದೀರಿ ವಾಂಡಾ. ನೆನಪಿಲ್ಲದವರನ್ನೂ ಎಣಿಸಿದ್ರೇನೇ ಅದು ಲೆಕ್ಕ."

ವಾಂಡಾ ಮನೆಗೆ ಬಂದು ಕೋಟು ಕೂಡ ತೆಗೆಯದೆ ಅಳುತ್ತ ಕೂತಳು. ಲೂ ಕೋಸಿನೆಲೆಯಲ್ಲಿ ಮಾಂಸ ಸುತ್ತುತ್ತಿದ್ದ. ಅವನಮ್ಮ ಕಲಿಸಿದ ಅಡುಗೆ. ಸುತ್ತುತ್ತಲೇ ಕೇಳಿಸಿಕೊಂಡ.

"ಅಂದ್ರೆ ಆಂಬುಲೆನ್ಸ್‌ಗೆ ಬಂದ ಎಲ್ಲಾ ಕರೆನೂ ಬೇಕು, ಅಲ್ವಾ? ಅದು ಜಿಲ್ಲಾ ಕಚೇರೀಲಿ ಇರುತ್ತೆ."

"ಸಿಕ್ಕಿತು ಅಂತಿಟ್ಕೋ. ತಡ ಆಗಿದ್ದು ರೈಲಿಂದಾನೇ ಅಂತ ಹೇಗೆ ತೋರಿಸ್ಲಿ? ಯಾವತ್ತು ಎಷ್ಟು ಹೊತ್ತು ಗಾಡಿ ನಿಂತಿತ್ತು ಅಂತ ಕಂಪನಿಯೋರು ಬಾಯಿ ಬಿಡ್ತಾರಾ?"

ಲೂನ ಕೈ ನಿಂತಿತು. "ಕಂಪನಿಯೋರು ಯಾಕೆ ಬೇಕೇ? ನಾವೇ ಬರ್ದಿದೀವಲ್ಲ!"

ಶಾಲೆಗೆ ಬಸ್ಸು ತಡವಾದರೆ ಚಾಲಕ ಕಾರಣ ಬರೆದುಕೊಡಬೇಕಿತ್ತು. ಪೂರ್ವದಿಕ್ಕಿನಿಂದ ಬರುವ ಆರು ಬಸ್ಸುಗಳ ಚಾಲಕರು ಬೆಳಿಗ್ಗೆ, ಸಂಜೆ ಚೀಟಿಯಲ್ಲಿ ಬರೆಯುತ್ತಿದ್ದರು: ಎರಡನೇ ಗೇಟು, ರೈಲು, ಇಂತಿಷ್ಟು ಗಂಟೆಯಿಂದ ಹದಿನಾಲ್ಕು ನಿಮಿಷ. ಆ ಚೀಟಿಗಳೆಲ್ಲ ಬಸ್ ಡಿಪೋದ ನೆಲಮಾಳಿಗೆಯಲ್ಲಿ ರಟ್ಟಿನ ಪೆಟ್ಟಿಗೆಗಳಲ್ಲಿದ್ದವು. ಲೂ ಮರುದಿನವೇ ಕಾರು ಹತ್ತಿ ಊರಿಗೆ ಬಂದ. ಡಿಪೋದಲ್ಲಿ ಅವನ ಹಳೆಯ ಜೊತೆಗಾರರು, "ಏನೋ ಪ್ರೊಫೆಸರ್, ಕಸ ಒಯ್ಯೋಕೆ ಮಿಷಿಗನ್ನಿಂದ ಬಂದ್ಯಾ?" ಎಂದು ಕಿಚಾಯಿಸುತ್ತಲೇ ಹನ್ನೊಂದು ಪೆಟ್ಟಿಗೆ ಚೀಟಿಗಳನ್ನು ಪ್ರತಿ ಮಾಡಿಕೊಟ್ಟರು.

ಜಿಲ್ಲಾ ಕಚೇರಿಯ ಗುಮಾಸ್ತ ಮಾತ್ರ ಖಾಸಗಿ ವಿಷಯವೆಂದು ಕೊಡಲು ಒಪ್ಪಲಿಲ್ಲ. ವಾಂಡಾ ಪತ್ರಿಕಾ ಕಾನೂನಿನ ತರಗತಿಗೂ ಹೋಗತೊಡಗಿದಳು. ಅಲ್ಲಿ ಕಲಿತಂತೆ, ಸಾರ್ವಜನಿಕ ದಾಖಲೆಗಳ ಕಾಯಿದೆಯ ಕಲಮುಗಳನ್ನು ಎತ್ತಿಹೇಳಿ ಪತ್ರ ಬರೆದಳು. ಅದನ್ನು ಕೊಡಲು ಡೆಕ್ಲನ್‌ನನ್ನೂ ಜೊತೆಗೆ ಕರೆತಂದಳು. ಅವನು ಒಂದು ಮಾತೂ ಆಡದೆ ಬಾಗಿಲ ಬಳಿಯ ಬೆಂಚಿನ ಮೇಲೆ ನಾಲ್ಕು ತಾಸು ಕೂತ. ಮೂರು ವಾರದಲ್ಲಿ ದಾಖಲೆ ಬಂತು: ಹೆಸರುಗಳನ್ನು ಅಳಿಸಿದ, ಐದು ವರ್ಷದ, ಆರು ಸಾವಿರದ ಎಂಟುನೂರ ಹನ್ನೆರಡು ಕರೆಗಳು.

ಹಿಮ ಬಿದ್ದು ಕರಗುವ ತನಕ ಗಂಡಹೆಂಡತಿ ಎದುರುಬದುರು ಕೂತು ಅವನ್ನೆಲ್ಲ ಕಂಪ್ಯೂಟರಿಗೆ ತುಂಬಿದರು. ಒಬ್ಬರು ಓದುವುದು, ಒಬ್ಬರು ಒತ್ತುವುದು. ಟೈಪಿಂಗ್ ಕಲಿತದ್ದು ಸಾರ್ಥಕವಾಯಿತು ಎನ್ನುತ್ತಿದ್ದಳು. ಗ್ರೀಕ್ ಅಕ್ಷರಗಳೂ ಒಂದೊಂದಾಗಿ ಬಾಯಿ ತೆರೆದವು. ಮಾರ್ಚ್ ಹೊತ್ತಿಗೆ ಆ ಇಬ್ಬರು ಹುಡುಗಿಯರಿಗೆ ಅವಳೇ ಮನೆಪಾಠ ಹೇಳಿಕೊಡುತ್ತಿದ್ದಳು.

ಏಪ್ರಿಲ್‌ನ ಒಂದು ಬುಧವಾರ ಅವಳು ತರಗತಿಯ ಮುಂದೆ ನಿಂತಳು. ಆ ದಿನ ನಾನು ರಜೆ ಹಾಕಿ ಹೋಗಿ ಕೊನೆಯ ಸಾಲಿನಲ್ಲಿ ಕೂತಿದ್ದೆ. ಬೋರ್ಡಿನ ಮೇಲೆ ಬರೆದದ್ದು ಒಂದೇ ಮಾತು: ಏಳು ನಿಮಿಷ. ರೈಲು ನಿಂತಿತ್ತೆಂದು ಬಸ್ಸಿನ ಚೀಟಿಗಳು ಹೇಳುವ ಹೊತ್ತಿನಲ್ಲಿ ಪೂರ್ವದಿಕ್ಕಿನ ಮನೆಗೆ ಆಂಬುಲೆನ್ಸ್ ಸರಾಸರಿ ಏಳು ನಿಮಿಷ ತಡ. ರೈಲಿಲ್ಲದ ಹೊತ್ತಿನಲ್ಲಿ, ಅಷ್ಟೇ ದೂರಕ್ಕೆ, ತಡವೇ ಇಲ್ಲ. "ಹನ್ನೊಂದು ಬರುತ್ತೆ ಅಂದ್ಕೊಂಡಿದ್ದೆ. ಬಂದಿದ್ದು ಏಳು. ಏಳೇ ನಿಜ" ಎಂದಳು.

ಟಾಲ್ಬಟ್ ಅರ್ಧ ಗಂಟೆ ಅವಳನ್ನು ಹಿಂಡಿದರು. ರಸ್ತೆಯಲ್ಲಿ ಹಿಮವಿದ್ದ ದಿನ ತೆಗೆದರೆ? ಶಾಲೆ ತೆರೆದಿರುವ ದಿನಗಳಿಗಷ್ಟೇ ಅಲ್ಲವೇ ಚೀಟಿ ಇರುವುದು? ವಾಂಡಾಳ ಕುತ್ತಿಗೆ ಕೆಂಪಾಗಿತ್ತು, ಆದರೆ ಬಹುತೇಕ ಪ್ರತಿ ಪ್ರಶ್ನೆಗೂ ಅವಳಲ್ಲಿ ಒಂದು ಹಾಳೆಯಿತ್ತು. ಒಂದೆರಡಕ್ಕೆ "ಅದು ನಂಗೆ ಗೊತ್ತಿಲ್ಲ, ಗೊತ್ತಿಲ್ಲ ಅಂತಾನೇ ಬರೀತೀನಿ" ಎಂದಳು. ಕೊನೆಗೆ ಟಾಲ್ಬಟ್ ಪೆನ್ನು ಕೆಳಗಿಟ್ಟರು.

"ಇದನ್ನ ಒಡೆಯೋಕೆ ನನ್ನ ಕೈಲಿ ಆಗ್ಲಿಲ್ಲ."

ಆಕೆಯ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿರಲಿಲ್ಲವಂತೆ. ಮೊದಲು ಆ ಹುಡುಗಿಯರು, ಆಮೇಲೆ ಇಡೀ ತರಗತಿ ಎದ್ದು ಚಪ್ಪಾಳೆ ತಟ್ಟಿತು. ಲೂ ನನ್ನ ಪಕ್ಕದಲ್ಲಿ ಕೂತು ಮೂಗು ಒರೆಸಿಕೊಳ್ಳುತ್ತ, "ಶೀತ" ಎಂದ.

ಡೆಕ್ಲನ್‌ನ ದೊಡ್ಡ ಪತ್ರಿಕೆ, ಫೆಲೋಶಿಪ್ ಮುಗಿದ ದಿನವೇ ಅವಳ ವರದಿಯನ್ನು ಮುಖಪುಟದಲ್ಲಿ ಹಾಕುತ್ತೇವೆಂದು ಹೇಳಿಕಳಿಸಿತು. ವಾಂಡಾ ಒಪ್ಪಲಿಲ್ಲ. "ಗೇಟಲ್ಲಿ ನಿಲ್ಲೋರು ನಮ್ಮೂರೋರು. ಅವರು ನಮ್ಮ ಪತ್ರಿಕೇಲೇ ಓದ್ಲಿ."

ಜೂನ್‌ನಲ್ಲಿ ಮರಳಿ ಬಂದು ಹಾಲಿಸ್‌ನ ಮೇಜಿನ ಮೇಲೆ ಕಾಗದದ ಕಟ್ಟು ಇಟ್ಟಳು. ಅವನು ಮೂರು ದಿನ ಓದಿ, ಹೊರಗೆ ಬಂದು, ಎಲ್ಲರೆದುರಿಗೆ, "ಅಂಕಿ ಕೇಳಿದ್ದೆ, ತಂದಳು. ನಾನಿನ್ನು ಬಾಯಿ ಮುಚ್ಕೋತೀನಿ" ಎಂದ. ಪ್ರಕಟಿಸುವ ಮುನ್ನ ರೈಲ್ವೆ ಕಂಪನಿಗೆ ತೋರಿಸಿದೆವು. ಇಬ್ಬರು ವಕೀಲರು, ಒಬ್ಬ ತಜ್ಞ ಬಂದರು. ನಿಧನವಾರ್ತೆ ಬರೆಯುವವಳಿಗೆ ಇದೆಲ್ಲ ಹೇಗೆ ತಿಳಿಯುತ್ತದೆ ಎಂಬ ಧಾಟಿಯಲ್ಲಿ ವಕೀಲರಲ್ಲೊಬ್ಬ ಶುರುಮಾಡಿದ. ವಾಂಡಾ ಜಗಳವಾಡಲಿಲ್ಲ. ಇಡೀ ಲೆಕ್ಕವನ್ನು ತಜ್ಞನ ಕೈಗೆ ಕೊಟ್ಟು, "ತಗೊಂಡ್ಹೋಗಿ ಸಾರ್, ನೀವೇ ಎಣಿಸಿ" ಎಂದಳು. ಎರಡು ವಾರದ ಮೇಲೆ ಅವರ ಉತ್ತರ ಬಂತು: ಆರು ನಿಮಿಷ ಐವತ್ತು ಸೆಕೆಂಡು. ಹಾಲಿಸ್ ಕುರ್ಚಿಯಿಂದ ಬೀಳುವಷ್ಟು ನಕ್ಕ. ಅವರ ಅಂಕಿಯನ್ನೂ ವರದಿಯಲ್ಲಿ ಸೇರಿಸಿದೆವು.

ಸೆಪ್ಟೆಂಬರ್‌ನ ಒಂದು ಭಾನುವಾರ ಅದು ಮುಖಪುಟದಲ್ಲಿ ಬಂತು. ಮಂಗಳವಾರ ಪುರಸಭೆಯಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಎಂದೂ ಮೈಕ್ ಹಿಡಿಯದ ಬರ್ನಡೆಟ್ ನೊವೊಟ್ನಿ ಎದ್ದು ನಿಂತು, "ನನ್ನ ಗಂಡನಿಗೆ ಹಣೇಲಿ ಬರ್ದಿತ್ತು ಅಂತ ಎಲ್ಲಾರೂ ಸಮಾಧಾನ ಹೇಳಿದ್ರಿ. ಈಗ ಓದಿದ್ರಲ್ಲ? ಹಣೇಲಿರಲಿಲ್ಲ, ಹಳಿ ಮೇಲಿತ್ತು" ಎಂದಳು. ಸದಸ್ಯರು ಏಳಕ್ಕೆ ಏಳೂ ಕೈ ಎತ್ತಿದರು. ಪೂರ್ವದಿಕ್ಕಿನಲ್ಲಿ ಮುಚ್ಚಿಹೋಗಿದ್ದ ಚಪ್ಪಲಿ ಅಂಗಡಿಯ ಕಟ್ಟಡದಲ್ಲಿ ಆಂಬುಲೆನ್ಸ್ ಠಾಣೆ ಮಾಡುವುದೆಂದು ತೀರ್ಮಾನವಾಯಿತು. ಮುಂದಿನ ಮೇ ತಿಂಗಳಲ್ಲಿ ಅದು ತೆರೆಯಿತು. ಮೇಯರ್ ಉದ್ಘಾಟನೆಯ ಕತ್ತರಿ ಕೊಟ್ಟಾಗ ವಾಂಡಾ ಅದನ್ನು ಬರ್ನಡೆಟ್‌ಳ ಕೈಗೆ ದಾಟಿಸಿ, ತಾನು ಹಿಂದೆ ಸರಿದು ಪೆನ್ನು ತೆಗೆದಳು.

ನಾಲ್ಕನೆಯ ದಿನ, ಆರ್ನಿ ಶ್ಲೆಗಲ್ ಎಂಬ ಹೆಂಚು ಹೊದಿಸುವ ಕೆಲಸದವನು ಅಂಗಳದಲ್ಲಿ ಎದೆ ಹಿಡಿದುಕೊಂಡು ಬಿದ್ದ. ಆ ಹೊತ್ತಿಗೆ ಗೂಡ್ಸ್ ಗಾಡಿ ಮೂರೂ ಗೇಟು ಮುಚ್ಚಿ ನಿಂತಿತ್ತು. ಹೊಸ ಠಾಣೆಯಿಂದ ಆಂಬುಲೆನ್ಸ್ ಮೂರು ನಿಮಿಷ ನಲವತ್ತು ಸೆಕೆಂಡಿನಲ್ಲಿ ಬಂತು. ಅಂಗಳದಲ್ಲೇ ಅವನ ಎದೆಬಡಿತ ಮರಳಿ ಬಂತು. ಗಾಡಿ ಹೋದ ಮೇಲೆ ಆಸ್ಪತ್ರೆಗೂ ಸೇರಿಸಿದರು. ವಾಂಡಾ ಆರು ಸಾಲಿನ ಸುದ್ದಿ ಬರೆದಳು.

ಮೂರು ವಾರವಾದ ಮೇಲೆ ಆರ್ನಿ ಕೋಲೂರಿಕೊಂಡು ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದ. ಮುಖ ಗಂಟಿಕ್ಕಿತ್ತು, ಕೈಯಲ್ಲಿ ಪತ್ರಿಕೆಯ ಹಾಳೆ.

"ಇದನ್ನ ಬರ್ದೋರು ಯಾರ್ರೀ? ಎಪ್ಪತ್ತನಾಲ್ಕು ಅಂತ ಹಾಕಿದೀರಲ್ಲ, ನಂಗೆ ಅರವತ್ತಾರು! ನನ್ನ ಹೆಂಡ್ತಿ ಬಿದ್ದು ಬಿದ್ದು ನಗ್ತಿದಾಳೆ!"

ವಾಂಡಾ ಎದ್ದು ನಿಂತಳು. ಒಂಬತ್ತು ಸಾವಿರ ಜನರ ಬಗ್ಗೆ ಬರೆದಿದ್ದಳು. ತಪ್ಪು ತಿದ್ದಿಸಲು ಅವರಲ್ಲೊಬ್ಬರೂ ತಾವೇ ಬಂದದ್ದಿಲ್ಲ. ಅವಳು ನಗುತ್ತಲೂ ಅಳುತ್ತಲೂ ಅವನಿಗೆ ಕುರ್ಚಿ ಎಳೆದುಕೊಟ್ಟು, "ಕೂತ್ಕೊಳ್ಳಿ ಆರ್ನಿ, ನಿಧಾನವಾಗಿ ಹೇಳಿ. ಇನ್ನೇನೇನು ತಪ್ಪಾಗಿದೆ?" ಎಂದಳು.