ತಳ ಸೇರಿದ ನಾಣ್ಯ

ಅಕ್ಕ, ಅಪ್ಪನ ಎಡೆಗೆ ಕೆಟ್ಟ ಮಾಂಸ ಕೊಟ್ಟವನು ನಾನು. ಗೊತ್ತಿದ್ದೇ ಕೊಟ್ಟೆ. ಐದು ವರ್ಷದಿಂದ ನೀನು ಹೊತ್ತು ತಿರುಗುತ್ತಿರುವುದು ನನ್ನ ತಪ್ಪನ್ನು.

ಅಪ್ಪ ತೀರಿಹೋದ ಮೇಲಿನ ಮೊದಲ ಹಿರಿಯರ ಹಬ್ಬ ಅದು. ತನಗೆ ಒಪ್ಪಿಗೆಯಿಲ್ಲದ ಮದುವೆಯಾದೆಯೆಂದು ಸಾಯುವವರೆಗೂ ಅಪ್ಪ ನಿನ್ನೊಡನೆ ಮಾತಾಡಿರಲಿಲ್ಲ. ಎಡೆಯನ್ನಾದರೂ ನಿನ್ನ ಕೈಯಿಂದ ಇಡಿಸಬೇಕೆಂದು ಅಮ್ಮನೇ ಅಜ್ಜಂಪುರದಿಂದ ನಿನ್ನನ್ನು ಕರೆಸಿದ್ದಳು. "ಮಟನ್ ಹಬ್ಬದ ಬೆಳಗ್ಗೆನೇ ತಗೊಂಬಾರೋ" ಎಂದು ಫೋನಿನಲ್ಲಿ ಹೇಳಿದ್ದೆ ನೀನು. ಹಬ್ಬದ ದಿನ ಬೀರೂರಿನ ಅಂಗಡಿ ಮುಂದೆ ಯಾರು ಕಾಯುತ್ತಾರೆ? ಮೂರು ದಿನ ಮೊದಲೇ ತಂದು ಫ್ರೀಜರಿಗೆ ಹಾಕಿದೆ. "ಏನೂ ಆಗಲ್ಲ ಕಣಕ್ಕ, ನಾನು ಓದಿರೋದೇ ಅದನ್ನ" ಎಂದು ನಿನಗೆ ಫೋನಿನಲ್ಲಿ ಹೇಳಿದೆ. ಸೂಕ್ಷ್ಮಾಣುಗಳ ಬಗ್ಗೆ ಎರಡು ವರ್ಷ ವಿಶ್ವವಿದ್ಯಾಲಯದಲ್ಲಿ ಓದಿದ ಗರ್ವ.

ಪಕ್ಕದಲ್ಲೇ ಒಂದು ಗಾಜಿನ ಲೋಟದಲ್ಲಿ ನೀರನ್ನು ಹೆಪ್ಪುಗಟ್ಟಿಸಿ, ಅದರ ಮೇಲೊಂದು ರೂಪಾಯಿ ನಾಣ್ಯ ಇಟ್ಟೆ. ಮನೆಗೆ ಬೀಗ ಹಾಕಿ ನಾನೂ ಅಮ್ಮನೂ ಸಿಂಗಟಗೆರೆಯ ನೆಂಟರ ಮನೆಗೆ ಹೊರಟಿದ್ದೆವು. ನಾವಿಲ್ಲದಾಗ ಕರೆಂಟ್ ಹೋಗಿ ಎಲ್ಲ ಕರಗಿದರೆ ನಾಣ್ಯ ಮುಳುಗುತ್ತದೆ. ಆಮೇಲೆ ಮತ್ತೆ ಗಟ್ಟಿಯಾದರೂ ಅದು ತಳದಲ್ಲೇ ಉಳಿಯುತ್ತದೆ.

ಹಬ್ಬದ ಬೆಳಗ್ಗೆ ವಾಪಸು ಬಂದು ತೆರೆದೆ. ಮಾಂಸ ಕಲ್ಲಿನಂತಿತ್ತು. ನಾಣ್ಯ ತಳದಲ್ಲಿತ್ತು.

ಒಮ್ಮೆ ಕೆಟ್ಟ ಮಾಂಸವನ್ನು ಎಷ್ಟು ಕುದಿಸಿದರೂ ಸೂಕ್ಷ್ಮಾಣು ಬಿಟ್ಟುಹೋದ ವಿಷ ಹೋಗದೆ ಉಳಿಯಬಹುದೆಂದು ನನಗೆ ಗೊತ್ತಿತ್ತು. ಆದರೂ, ನಿನ್ನ ಮಾತೇ ಸರಿಯಾಯಿತೆಂದು ಒಪ್ಪಿಕೊಳ್ಳುವುದು — ಪೊಟ್ಟಣವನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದೆ. ಲೋಟಕ್ಕೆ ಬಿಸಿನೀರು ಸುರಿದು ನಾಣ್ಯ ತೆಗೆದು ಜೇಬಿಗೆ ಹಾಕಿಕೊಂಡೆ.

ಮಧ್ಯಾಹ್ನ ನೀನು ಬೇಯಿಸಿ ಬಡಿಸಿದ ಎಡೆಯ ಎಲೆಯನ್ನು ತಾರಸಿಯ ಮೇಲೆ ಇಟ್ಟು ಕಾದೆವು. ಒಂದೇ ಒಂದು ಕಾಗೆ ಬಂತು. ನೀರಿನ ಟ್ಯಾಂಕಿನ ಮೇಲೆ ಕೂತು ನೋಡಿತು; ಕೂಗಲಿಲ್ಲ, ಇಳಿಯಲಿಲ್ಲ. "ಅಪ್ಪಾ, ನಂದು ತಪ್ಪಾಯ್ತು ಕಣಪ್ಪಾ, ಬಂದು ಮುಟ್ಟು" ಎಂದು ಬಿಸಿಲಲ್ಲಿ ಕೈಮುಗಿದು ನಿಂತಿದ್ದೆ ನೀನು. ಎಷ್ಟೋ ಹೊತ್ತಿನ ಮೇಲೆ ಅದು ಹಾರಿಹೋಯಿತು.

ಕೊನೆಗೆ ಊಟಕ್ಕೆ ಕೂತೆವು. ಅಮ್ಮ ಮಾಂಸ ಬಿಟ್ಟು ಎಷ್ಟೋ ವರ್ಷವಾಗಿತ್ತು. ನಾನು ಹೊಟ್ಟೆ ಸರಿಯಿಲ್ಲವೆಂದೆ. "ಎಮ್ಮೆಸ್ಸಿ ಸಾಹೇಬ್ರಿಗೆ ಅಪ್ಪನ್ ಕಂಡ್ರೆ ಭಯಾನೇನೋ?" ಎಂದು ನಕ್ಕು, ಎಡೆಯ ತುಂಡನ್ನು ನೀನೊಬ್ಬಳೇ ತಿಂದೆ.

ಸಂಜೆಗೆ ವಾಂತಿ. ಎರಡು ದಿನ ಕಡೂರಿನ ಆಸ್ಪತ್ರೆಯಲ್ಲಿ ಡ್ರಿಪ್. ಮಂಚದ ಪಕ್ಕ ಕೂತು ಅಮ್ಮ ಹೇಳಿದಳು: "ನಿಮ್ಮಪ್ಪ ಒಪ್ಲಿಲ್ಲ ಕಣೇ." ನೀನು ಗೋಡೆಗೆ ಮುಖ ತಿರುಗಿಸಿದೆ. ನಾನು ಅಲ್ಲೇ ನಿಂತಿದ್ದೆ, ಜೇಬಿನಲ್ಲಿ ಕೈಯಿಟ್ಟುಕೊಂಡು. ಅಂದಿನಿಂದ ನೀನು ಬೀರೂರಿನಲ್ಲಿ ರೈಲು ಇಳಿದಿಲ್ಲ.

ಆಮೇಲೆ ಪಕ್ಕದ ಮನೆಯವರನ್ನು ಕೇಳಿದೆ. "ಆ ಮೂರು ದಿನ ಕರೆಂಟ್ ಹೋಗೇ ಇಲ್ವಲ್ಲಪ್ಪ" ಎಂದರು. ಹಾಗಾದರೆ ನಾಣ್ಯ ಮುಳುಗಿದ್ದು ಹೇಗೆ? ನೀರು ಪೂರ್ತಿ ಗಟ್ಟಿಯಾಗುವ ಮೊದಲೇ ಇಟ್ಟಿದ್ದೆನೇ? ಅದು ನಿಜಕ್ಕೂ ತಳದಲ್ಲಿತ್ತೇ, ಅಥವಾ ನೀನು ಆಸ್ಪತ್ರೆಯಲ್ಲಿ ಮಲಗಿದ್ದನ್ನು ಕಂಡ ಮೇಲೆ ನನ್ನ ತಲೆ ಕಟ್ಟಿಕೊಂಡ ನೆನಪೇ? ಕೊಳೆತದ್ದನ್ನೂ ಬಿಡದ ಕಾಗೆ ಅಂದೇಕೆ ಮುಟ್ಟಲಿಲ್ಲ? ಅದು ಎಲೆಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿತ್ತು ಎಂದು ಈಗೀಗ ಅನ್ನಿಸುತ್ತದೆ — ಅದನ್ನೂ ನಂಬಲಾರೆ.

ಒಂದು ಮಾತ್ರ ಅನುಮಾನಕ್ಕೆ ಜಗ್ಗುವುದಿಲ್ಲ: ಅಂದು ನಾನು ತಿನ್ನಲಿಲ್ಲ. ನನಗೆ ಗೊತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈ ಪತ್ರವನ್ನು ಇಲ್ಲಿಯವರೆಗೆ ಅಮ್ಮನಿಗೆ ಇವತ್ತು ಬೆಳಗ್ಗೆ ಓದಿ ಹೇಳಿದೆ. ಅವಳು ನನ್ನೊಡನೆ ಇನ್ನೂ ಮಾತಾಡಿಲ್ಲ. ನಾಳೆ ಅಜ್ಜಂಪುರಕ್ಕೆ ಬಂದು ನಿನ್ನ ಕೈಗೇ ಕೊಡುತ್ತೇನೆ, ಆ ನಾಣ್ಯದ ಜೊತೆ. ಸತ್ತವರು ಮುನಿಯುತ್ತಾರೆಂದು ನಾನು ನಂಬುವವನಲ್ಲ. ಆದರೆ ಅಂದು ಅಪ್ಪ ಮುನಿದದ್ದೇ ನಿಜವಾದರೆ, ಅಕ್ಕ, ಅದು ನಿನ್ನ ಮೇಲಲ್ಲ.