ಯಂತ್ರದ ಪಕ್ಕದ ಮನುಷ್ಯ

ಖಾಲಿ ಬಾಟಲಿ ಕೊಟ್ಟರೆ ಠೇವಣಿ ಮರಳಿಸುವ ಯೋಜನೆಯನ್ನು ಸುಧಾರಿಸಿದವರು ಅಂಗಡಿಯವನ ಬದಲು ಒಂದು ಯಂತ್ರ ಇಟ್ಟರು. ಇನ್ನು ಇಲ್ಲಿ ಮನುಷ್ಯರ ಅಗತ್ಯವಿಲ್ಲ ಎಂದು ಜನರಿಗೆ ತಿಳಿಸಿ ಹೇಳಲು ಒಬ್ಬ ಮಾರ್ಗದರ್ಶಕರನ್ನು ನೇಮಿಸಿದರು. ಇವರು ಬೆಳಗ್ಗೆ ಯಂತ್ರದ ಮುಖ ಒರೆಸಿ, ಅದರ ಪಕ್ಕ ಬೀಗರ ಕಡೆಯವರಂತೆ ಬಿಗುಮಾನದಿಂದ ಕೂರುತ್ತಾರೆ. ಯಂತ್ರಕ್ಕೆ ಬಹುವಚನವೇ ಆಗಬೇಕು. ನೆಗ್ಗಿದ ಬಾಟಲಿಯನ್ನು ಅದು ಹೊರಗೆ ಉಗುಳಿದರೆ, "ಅವ್ರಿಗೆ ಸೊಟ್ಟ ಬಾಟ್ಲಿ ಸೇರಲ್ಲ, ನಾನೇನ್ ಮಾಡ್ಲಿ" ಎನ್ನುತ್ತಾರೆ. ಮೇಲಧಿಕಾರಿ ಬಂದರೆ, "ಅವ್ರದ್ದೇನೂ ತಕರಾರಿಲ್ಲ ಸಾರ್, ತಪ್ಪೆಲ್ಲ ಬಾಟ್ಲೀದೇ." ಆದರೆ ಚಿಂದಿ ಆಯುವ ಅಜ್ಜಿಯ ಚೀಲದಲ್ಲಿರುವುದೆಲ್ಲ ಜನ ತುಳಿದು ಹೋದ ಬಾಟಲಿಗಳೇ. "ಕೊಡಜ್ಜಿ ಇಲ್ಲಿ" ಎಂದು ಒಂದೊಂದರ ಬಾಯಿಯನ್ನೂ ಒರೆಸಿ, ತುಟಿಗಿಟ್ಟು, ಅದು ನೆಟ್ಟಗಾಗುವವರೆಗೆ ಊದುತ್ತಾರೆ. ನಡುನಡುವೆ ಜೇಬಿನಿಂದ ಉಬ್ಬಸದ ಇನ್ಹೇಲರ್ ತೆಗೆದು ಎರಡು ಸಲ ಉಸಿರೆಳೆದುಕೊಂಡು, ಮುಂದಿನ ಬಾಟಲಿಗೆ ಕೈ ಚಾಚುತ್ತಾರೆ.