ಅಕ್ಕನ ಟೋಪಿ, ಕೆನಡಾದ ಬಿಸಿಲು

ಉಣಕಲ್ಲಿನ ನಮ್ಮ ಮನೆಯ ಬಾಗಿಲ ಹಿಂದೆ ಮೊಳೆಗೆ ನೇತುಬಿದ್ದಿರುವ ಕಂದು ಬಣ್ಣದ ಮಂಕಿ ಟೋಪಿಯನ್ನು ನೋಡಿದರೆ ನೀವು ನಗುತ್ತೀರಿ. ನಗಿ, ನಾನೂ ಒಂದು ಕಾಲಕ್ಕೆ ನಕ್ಕವನೇ. ಕೆನಡಾದ ಶಾಲೆಯೊಂದರಲ್ಲಿ ಗಣಿತ ಕಲಿಸಲು ಹೊರಟಾಗ ಅಕ್ಕ ಹೆಣೆದುಕೊಟ್ಟದ್ದು ಅದು. "ತಮ್ಮಾ, ಕಿವಿ ಮುಚ್ಕೊಂಡ್ರ ಅರ್ಧ ಥಂಡಿ ಹೋದಂಗ. ತಲಿಗೆ ಹಾಕ್ಕೊಳ್ಳಾಕ ನಾಚಿಕಿ ಬಂದ್ರ ಕಿಸೇದಾಗರ ಇಟ್ಕೋ, ನನ್ನ ಆಣಿ ಐತಿ" ಎಂದಳು. ಅಂತರರಾಷ್ಟ್ರೀಯ ಮಟ್ಟದ ಮಾಸ್ತರನಾಗಿ ಬಡ್ತಿ ಪಡೆದಿದ್ದ ನನಗೆ ಚಳಿಗಿಂತ ಆ ಟೋಪಿಯಿಂದಾಗುವ ಮಾನಹಾನಿಯ ಚಿಂತೆಯೇ ದೊಡ್ಡದಾಗಿತ್ತು. ಆಣೆಗೆ ಹೆದರಿ ಕೋಟಿನ ಕಿಸೆಯಲ್ಲಿ ತುರುಕಿಕೊಂಡೆ.

ಆ ಊರಿನ ಚಳಿಯನ್ನು ದೂರಿದರೆ ಕೃತಘ್ನತೆಯಾದೀತು. ಅದು ನನಗೆ ವಿನಯ ಕಲಿಸಿತು, ಸ್ನಾನದ ವ್ಯಾಮೋಹ ಬಿಡಿಸಿತು, ಬಾಗಿಲು ದಾಟಲು ಅರ್ಧ ತಾಸು ಮೊದಲೇ ಯುದ್ಧಕ್ಕೆ ಸಜ್ಜಾಗುವ ಶಿಸ್ತನ್ನು ರೂಢಿಸಿತು. ಇಷ್ಟೆಲ್ಲ ಸಂಸ್ಕಾರವನ್ನು ನಾನು ಹಲ್ಲು ಕಟಕಟಿಸುತ್ತ ಸ್ವೀಕರಿಸಿದ್ದು ನೌಕರಿ ಕಾಯಂ ಆಗಲೆಂದು. ಅದನ್ನು ತೀರ್ಮಾನಿಸಲು ಮುಖ್ಯಾಧ್ಯಾಪಕಿ ನನ್ನದೊಂದು ಪಾಠ ನೋಡುವವರಿದ್ದರು.

ಆ ದಿನ ಕತ್ತಲಲ್ಲೇ ಶಾಲೆಗೆ ಬಂದಿದ್ದೆ; ಪಾಠದ ಹೊತ್ತಿಗೆ ಕಿಟಕಿಯಾಚೆ, ವಾರಗಟ್ಟಲೆ ಕಾಣದಿದ್ದ, ಕಣ್ಣು ಕುಕ್ಕುವ ಬಿಸಿಲು. ಮಾಗಿಯ ಮುಂಜಾನೆ ಮಕ್ಕಳನ್ನು ಎಳೆಬಿಸಿಲಿಗೆ ಕರೆತಂದು, ಧ್ವಜಸ್ತಂಭದ ನೆರಳು ಅಳೆಸಿ, ಅದರಿಂದ ಸ್ತಂಭದ ಎತ್ತರ ಕಂಡುಹಿಡಿಸುವುದು ಧಾರವಾಡದಲ್ಲಿ ಇಪ್ಪತ್ತು ವರ್ಷ ನಾನು ಶಹಬ್ಬಾಸ್‌ಗಿರಿ ಗಿಟ್ಟಿಸಿದ ಪಾಠ. ಬಿಸಿಲೆಂದರೆ ಬೆಚ್ಚಗಿರುತ್ತದೆ ಎಂಬುದನ್ನು ನಮ್ಮ ಕಡೆ ಯಾರಾದರೂ ಪರೀಕ್ಷಿಸಿ ನೋಡುತ್ತಾರೆಯೇ? "ಸರ್, ಜಾಕೆಟ್?" ಎಂದು ಮಕ್ಕಳು ಕೇಳಿದವು. ಇಂಥ ಬಿಸಿಲಿಗೆ ಜಾಕೆಟ್ ಯಾಕೆಂದು ನಕ್ಕು ಎಲ್ಲರನ್ನೂ ಹೊರಗೆ ನಡೆಸಿದೆ. ನಾನಂತೂ ತರಗತಿಯೊಳಗೂ ಕೋಟು ಬಿಚ್ಚಿದವನಲ್ಲ.

ಹೊರಗೆ ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿ ಕೆಳಗೆ. ನೆರಳು ಮಾತ್ರ ಬಹಳ ಸೊಗಸಾಗಿ ಬಿದ್ದಿತ್ತು. ಟೇಪು ಬಿಚ್ಚುವಷ್ಟರಲ್ಲಿ ಹುಡುಗಿಯೊಬ್ಬಳ ಕಿವಿಗಳು ಬೆಳ್ಳಗಾಗಿ, ಕಣ್ಣಲ್ಲಿ ನೀರಾಡಿತು. ಕಿಸೆಯಿಂದ ಅಕ್ಕನ ಟೋಪಿ ಎಳೆದು ಅವಳ ತಲೆಗೆ ತೊಡಿಸಿ, ಎಲ್ಲರನ್ನೂ ಒಳಗೆ ಓಡಿಸಿದೆ. ಮುಖ್ಯಾಧ್ಯಾಪಕಿ ಕಿಟಕಿಯಲ್ಲಿ ನಿಂತು ಏನೋ ಬರೆದುಕೊಳ್ಳುತ್ತಿದ್ದರು. ಧ್ವಜಸ್ತಂಭದ ಎತ್ತರ ಕೊನೆಗೂ ಸಿಗಲಿಲ್ಲ. ನನ್ನದನ್ನು ಅವರು ಅಳೆದು ಮುಗಿಸಿದ್ದರು.

ಮರುದಿನ ಆ ಹುಡುಗಿ ಟೋಪಿ ಮಡಚಿ ತಂದು, ಥ್ಯಾಂಕ್ಸ್ ಬೇರೆ ಹೇಳಿದಳು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ ನನಗೆ. ವರ್ಷ ಮುಗಿಯುತ್ತಲೇ ನನ್ನನ್ನು ಬಹಳ ಮರ್ಯಾದೆಯಿಂದ ಬೀಳ್ಕೊಟ್ಟರು.

"ನಮ್ಮ ತಮ್ಮಗ ಅಲ್ಲಿ ಥಂಡಿ ತಡೀಲಿಲ್ರಿ" ಎಂದು ಅಕ್ಕ ಓಣಿಗೆಲ್ಲ ಹೇಳಿಕೊಂಡು ಬಂದಳು. ಆಮೇಲೆ ನನ್ನ ಕಡೆ ತಿರುಗಿ, "ಖರೇ ಹೇಳು, ಟೋಪಿ ಉಪಯೋಗ ಆತೇನು?" ಎಂದಳು.

"ಆತಕ್ಕಾ. ಕಿವಿ ಉಳೀತು."

ಯಾರ ಕಿವಿ ಎಂದು ಅವಳು ಕೇಳಲಿಲ್ಲ. ಈಗ ಡಿಸೆಂಬರ್ ಬಂದರೆ ಎಷ್ಟೇ ಬಿಸಿಲಿರಲಿ, ಆ ಟೋಪಿ ಹಾಕಿಕೊಂಡೇ ಧಾರವಾಡದ ನನ್ನ ಹಳೆಯ ಶಾಲೆಯ ಅಂಗಳಕ್ಕಿಳಿದು ನೆರಳು ಅಳೆಸುತ್ತೇನೆ. ಮಕ್ಕಳು ಮುಸಿಮುಸಿ ನಗುತ್ತವೆ. ನಗಲಿ, ಅವುಗಳ ಕಿವಿ ನೆಟ್ಟಗಿವೆ.